ಬ್ರಹ್ಮಪುತ್ರ: ಒಂದು ಜಡೆನದಿಯ ಭೂಗೋಳ

ಒಂದೇ ಪಾತ್ರದಲ್ಲಿ ಹರಿಯದೆ ಹಲವು ಕವಲುಗಳಾಗಿ ಒಡೆದು, ಮರಳುದಿಣ್ಣೆಗಳನ್ನು ಬಳಸಿ ಹೋಗಿ, ಮತ್ತೆ ಕೂಡಿ, ಕೂಡಿದಲ್ಲಿಂದ ಸ್ವಲ್ಪ ದೂರದಲ್ಲೇ ಮತ್ತೆ ಒಡೆಯುವ ನದಿಗೆ ಜಡೆನದಿ ಎಂದು ಹೆಸರು. ಈ ಬಗೆಯ ನದಿಗಳು ಅಲಾಸ್ಕದಲ್ಲಿವೆ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿವೆ, ಆಲ್ಪ್ಸ್ ಪರ್ವತಗಳ ಬುಡದಲ್ಲಿವೆ. ಭಾರತದಲ್ಲಿ ಹಿಮಾಲಯದಿಂದ ಬಯಲಿಗೆ ಇಳಿಯುವ ಕೋಸಿ, ತೀಸ್ತಾಗಳೂ ಇದೇ ಜಾತಿಯವು. ನೀರಿನ ಮೊತ್ತದಲ್ಲೂ ಹೊತ್ತು ತರುವ ಹೂಳಿನಲ್ಲೂ ಬ್ರಹ್ಮಪುತ್ರವನ್ನು ಸರಿಗಟ್ಟುವ ಜಡೆನದಿ ಮಾತ್ರ ಸಿಗುವುದು ಕಷ್ಟ. ಕೈಲಾಸ ಪರ್ವತದ ಆಗ್ನೇಯಕ್ಕಿರುವ ಹಿಮನದಿಗಳಲ್ಲಿ ಹುಟ್ಟಿ, ಟಿಬೆಟ್, ಅರುಣಾಚಲ, ಅಸ್ಸಾಂ, ಬಾಂಗ್ಲಾದೇಶಗಳನ್ನು ದಾಟಿ ಬಂಗಾಳ ಕೊಲ್ಲಿ ಸೇರುವವರೆಗೆ ಅದರ ಉದ್ದ ಸುಮಾರು 2,900 ಕಿಲೋಮೀಟರ್. ಜಲಾನಯನ ಪ್ರದೇಶ ಸುಮಾರು 5.8 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರು ಪಟ್ಟು.

ಜನವರಿಯಲ್ಲಿ ಡಿಬ್ರೂಗಢದ ಏರಿಯ ಮೇಲೆ ನಿಂತವರಿಗೆ ಕಾಣುವುದು ನೀರಿಗಿಂತ ಹೆಚ್ಚಾಗಿ ಮರಳು. ಬೂದುಬಣ್ಣದ ದಿಣ್ಣೆಗಳು ದಿಗಂತದವರೆಗೂ ಹಬ್ಬಿರುತ್ತವೆ. ಅವುಗಳ ನಡುವೆ ಕೆಲವು ಕವಲುಗಳಲ್ಲಿ ದೋಣಿ ಸಾಗುವಷ್ಟು ಆಳ, ಕೆಲವದರಲ್ಲಿ ಮೊಣಕಾಲುದ್ದ ನೀರು. ಆಚೆ ದಡ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಜುಲೈ ಹೊತ್ತಿಗೆ ಆ ದಿಣ್ಣೆಗಳೆಲ್ಲ ಮುಳುಗಿ, ಕವಲುಗಳ ಗುರುತು ಅಳಿಸಿಹೋಗಿ, ಕೆಂಪುಮಿಶ್ರಿತ ಕಂದು ನೀರು ಒಂದೇ ಹರವಾಗಿ ನಿಲ್ಲುತ್ತದೆ. ನೆರೆ ಇಳಿದ ಮೇಲೆ ದಿಣ್ಣೆಗಳು ಮತ್ತೆ ಮೇಲೇಳುತ್ತವೆ, ಆದರೆ ಹಿಂದಿನ ವರ್ಷದ ಜಾಗದಲ್ಲೇ ಏಳಬೇಕೆಂಬ ನಿಯಮವಿಲ್ಲ. ನದಿಯನ್ನು ನಕಾಶೆಯ ಮೇಲಿನ ಒಂದು ನೀಲಿ ಗೆರೆಯೆಂದು ತಿಳಿಯುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಬ್ರಹ್ಮಪುತ್ರ ಎಂದರೆ ಹತ್ತಾರು ಕಿಲೋಮೀಟರ್ ಅಗಲದ ಒಂದು ಪಟ್ಟಿ. ಆ ಪಟ್ಟಿಯೊಳಗೆ ನೀರು ಎಲ್ಲಿ ಬೇಕಾದರೂ ಹರಿಯಬಹುದು.

ದ್ವೀಪಗಳಿರುವ ನದಿಯೆಲ್ಲ ಜಡೆನದಿಯಲ್ಲ. ಕಾವೇರಿ ಶ್ರೀರಂಗಪಟ್ಟಣದಲ್ಲೂ ಶಿವನಸಮುದ್ರದಲ್ಲೂ ಕವಲೊಡೆಯುತ್ತದೆ. ಆದರೆ ಅಲ್ಲಿ ನೀರನ್ನು ಸೀಳುವುದು ದಖನ್ನಿನ ಹಳೆಯ ಕಗ್ಗಲ್ಲು; ಶತಮಾನಗಳು ಕಳೆದರೂ ಕವಲುಗಳು ಜಾಗ ಬಿಟ್ಟು ಕದಲುವುದಿಲ್ಲ. ಜಡೆನದಿಯ ದಿಣ್ಣೆಗಳಿಗೆ ಬಂಡೆಯ ಆಧಾರವಿಲ್ಲ. ನದಿಯೇ ತಂದು ಸುರಿದ ಸರಕಿನಿಂದ ಅವು ಎದ್ದಿವೆ, ಅದೇ ನದಿ ಅವನ್ನು ಎತ್ತಿಕೊಂಡೂ ಹೋಗುತ್ತದೆ.

ಜಡೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಇಂದಿಗೂ ಆಧಾರವಾಗಿರುವ ವಿವರಣೆಯನ್ನು ಅಮೆರಿಕದ ಲೂನಾ ಲಿಯೋಪೋಲ್ಡ್ ಮತ್ತು ಗಾರ್ಡನ್ ವೂಲ್ಮನ್ 1957ರಲ್ಲಿ ಪ್ರಕಟಿಸಿದರು. ಅವರು ಪ್ರಯೋಗಾಲಯದ ತೊಟ್ಟಿಯಲ್ಲಿ ಮರಳು ತುಂಬಿ, ಅದರಲ್ಲಿ ನೇರವಾದ ಒಂದು ಕಾಲುವೆ ತೋಡಿ, ಮೇಲಿನಿಂದ ನೀರನ್ನೂ ಮರಳನ್ನೂ ಬಿಡುತ್ತಾ ಹೋದರು. ನೀರಿನ ಬಲಕ್ಕೆ ಮೀರಿದ ದಪ್ಪ ಕಣಗಳು ಮೊದಲು ಕಾಲುವೆಯ ನಡುವೆ ನಿಂತವು. ನಿಂತ ಕಣ ಹಿಂದಿನಿಂದ ಬರುವ ಕಣವನ್ನು ತಡೆಯಿತು; ಸಣ್ಣದೊಂದು ಗುಪ್ಪೆ ಎದ್ದು ಕೆಳಮುಖವಾಗಿ ಉದ್ದವಾಯಿತು. ಗುಪ್ಪೆಯ ಮೇಲೆ ನೀರಿನ ಆಳ ಕಡಿಮೆಯಾದಂತೆ ಹರಿವು ಎಡಕ್ಕೂ ಬಲಕ್ಕೂ ತಿರುಗಿ ಎರಡೂ ದಂಡೆಗಳನ್ನು ಕೊರೆಯತೊಡಗಿತು. ದಂಡೆ ಕುಸಿದು ಕಾಲುವೆ ಅಗಲವಾದಾಗ ನೀರಿನ ಮಟ್ಟ ಇಳಿದು, ಗುಪ್ಪೆ ಮೇಲೆ ಕಾಣಿಸಿಕೊಂಡು ದಿಣ್ಣೆಯಾಯಿತು. ಒಂದಿದ್ದ ಕಾಲುವೆ ಎರಡಾಯಿತು. ಆ ಎರಡರಲ್ಲೂ ಇದೇ ಕೆಲಸ ಮರುಕಳಿಸಿತು. ಬಂಡೆಯಾಗಲಿ ಬಿದ್ದ ಮರವಾಗಲಿ ಯಾವ ಅಡ್ಡಿಯೂ ಇಲ್ಲದೆ ನೇರ ಕಾಲುವೆ ತಾನಾಗಿಯೇ ಜಡೆಯಾದದ್ದು ಆ ಪ್ರಯೋಗದ ಮುಖ್ಯ ಪಾಠ.

ಇದಕ್ಕೆ ಬೇಕಾದ ಸನ್ನಿವೇಶ ಸರಳ: ಧಾರಾಳ ಹೂಳು, ಸುಲಭವಾಗಿ ಕುಸಿಯುವ ದಂಡೆ, ಋತುವಿನಿಂದ ಋತುವಿಗೆ ಬಹಳ ಏರಿಳಿಯುವ ಹರಿವು ಮತ್ತು ಅದನ್ನೆಲ್ಲ ಹೊರುವಷ್ಟು ಶಕ್ತಿ. ಪಠ್ಯಪುಸ್ತಕಗಳು ಇವುಗಳ ಜೊತೆಗೆ ಕಡಿದಾದ ಇಳಿಜಾರನ್ನೂ ಸೇರಿಸುತ್ತವೆ. ಬ್ರಹ್ಮಪುತ್ರದ ಮಟ್ಟಿಗೆ ಆ ಮಾತು ಅಷ್ಟಾಗಿ ಹೊಂದುವುದಿಲ್ಲ. ಗುವಾಹಟಿಯ ಬಳಿ ಅದರ ಪಾತ್ರ ಕಿಲೋಮೀಟರಿಗೆ ಸುಮಾರು 10 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ, ಹೆಚ್ಚುಕಡಿಮೆ ಮಟ್ಟಸವೇ. ಆದರೂ ಅಲ್ಲಿ ನದಿ ಹೆಣೆದುಕೊಂಡೇ ಹರಿಯುತ್ತದೆ. ನದಿಯ ಶಕ್ತಿ ಇಳಿಜಾರು ಮತ್ತು ಹರಿವು ಎರಡನ್ನೂ ಅವಲಂಬಿಸಿರುವುದು ಇದಕ್ಕೆ ಕಾರಣ. ಇಳಿಜಾರಿನ ಕೊರತೆಯನ್ನು ಇಲ್ಲಿ ನೀರಿನ ಅಗಾಧ ಪ್ರಮಾಣ ತುಂಬಿಕೊಡುತ್ತದೆ. ಅಲ್ಲದೆ ಪಾತ್ರದ ಮರಳು ಬಹಳ ನುಣುಪು, ಅದನ್ನು ಕದಲಿಸಲು ಕಡಿದಾದ ಇಳಿಜಾರು ಬೇಕಾಗಿಲ್ಲ.

ಗಿಡಮರಗಳ ಪಾಲೂ ಇದರಲ್ಲಿದೆ. ಬೇರುಗಳು ದಂಡೆಯನ್ನು ಬಿಗಿಹಿಡಿದರೆ ನದಿ ಒಂದೇ ಪಾತ್ರದಲ್ಲಿ ಅಂಕುಡೊಂಕಾಗಿ ಹರಿಯುವ ಸಂಭವ ಹೆಚ್ಚು. ನೆಲದ ಮೇಲೆ ಬೇರುಬಿಡುವ ಸಸ್ಯಗಳು ವಿಕಾಸವಾಗುವ ಮುಂಚಿನ ಕಾಲದ ಶಿಲಾಪದರಗಳಲ್ಲಿ ಉಳಿದಿರುವ ನದಿಗುರುತುಗಳು ಬಹುಪಾಲು ಅಗಲವಾದ, ಆಳವಿಲ್ಲದ, ಹೆಣೆದ ಪಾತ್ರಗಳವು. ಭೂಮಿಯ ಚರಿತ್ರೆಯಲ್ಲಿ ಜಡೆಯೇ ಹಳೆಯ ರೂಪ. ತಿರುವುಗಳಿರುವ ಶಾಂತ ನದಿ ಆಮೇಲೆ ಬಂದದ್ದು.

ಬ್ರಹ್ಮಪುತ್ರದ ಸರಕು ಎಲ್ಲಿಂದ ಬರುತ್ತದೆ ಎಂದು ಹುಡುಕಿಹೊರಟರೆ ಟಿಬೆಟ್ಟಿನ ಪೂರ್ವದ ತುದಿಗೆ ಹೋಗಬೇಕು. ಅಲ್ಲಿ ಯಾರ್ಲುಂಗ್ ತ್ಸಾಂಗ್‌ಪೊ ಎಂಬ ಹೆಸರಿನ ಈ ನದಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಪೂರ್ವಕ್ಕೆ ಹರಿದು, 7,782 ಮೀಟರ್ ಎತ್ತರದ ನಮ್ಚಾ ಬರ್ವಾ ಶಿಖರವನ್ನು ಸುತ್ತಿ, ಗಕ್ಕನೆ ದಕ್ಷಿಣಕ್ಕೆ ತಿರುಗುತ್ತದೆ. ತಿರುವಿಗೆ ಮುಂಚೆ ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿದ್ದ ನೀರು ಅರುಣಾಚಲದ ಪಾಸಿಘಾಟ್ ತಲುಪುವ ಹೊತ್ತಿಗೆ 150 ಮೀಟರಿನ ಸುಮಾರಿಗೆ ಇಳಿದಿರುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ತ್ಸಾಂಗ್‌ಪೊ ಮತ್ತು ಬ್ರಹ್ಮಪುತ್ರ ಒಂದೇ ನದಿಯೇ ಎಂಬುದು ಚರ್ಚೆಯ ವಿಷಯವಾಗಿತ್ತು. ಅದನ್ನು ತೀರ್ಮಾನಿಸಲು ಹೋದ ಸಿಕ್ಕಿಮಿನ ಕಿಂತುಪ್ 1880ರ ದಶಕದ ಆರಂಭದಲ್ಲಿ ಗುಲಾಮನಾಗಿ ಮಾರಾಟವಾಗಿ, ತಪ್ಪಿಸಿಕೊಂಡು, ಕೊನೆಗೂ ಗುರುತು ಹಾಕಿದ 500 ಮರದ ತುಂಡುಗಳನ್ನು ದಿನಕ್ಕೆ ಐವತ್ತರಂತೆ ನದಿಗೆ ಬಿಟ್ಟ. ಅಸ್ಸಾಮಿನಲ್ಲಿ ಅವನ್ನು ಎದುರುನೋಡಬೇಕಾದವರಿಗೆ ಸುದ್ದಿಯೇ ಮುಟ್ಟಿರಲಿಲ್ಲ. ತುಂಡುಗಳು ಯಾರ ಕಣ್ಣಿಗೂ ಬೀಳದೆ ಸಮುದ್ರ ಸೇರಿದವು. 1913ರಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಬೈಲಿ ಮತ್ತು ಮೋರ್ಸ್‌ಹೆಡ್ ಕಣಿವೆಯ ಬಹುಭಾಗವನ್ನು ನಡೆದು ನೋಡಿದ ಮೇಲೆ ಅನುಮಾನ ಹೆಚ್ಚುಕಡಿಮೆ ಪರಿಹಾರವಾಯಿತು.

ಭಾರತದ ಭೂಫಲಕ ಏಷ್ಯಾದ ಫಲಕದೊಳಗೆ ಮೂಲೆಯಾಗಿ ಒತ್ತಿಕೊಂಡಿರುವ ಜಾಗ ಈ ತಿರುವು. ಬೆಟ್ಟ ವೇಗವಾಗಿ ಮೇಲೇಳುತ್ತದೆ, ನದಿ ಅಷ್ಟೇ ವೇಗವಾಗಿ ಕೊರೆಯುತ್ತದೆ, ಕಡಿದಾದ ಇಳಿಜಾರುಗಳು ಸದಾ ಕುಸಿಯುತ್ತಿರುತ್ತವೆ. ಬಯಲಿನ ಮರಳಿನ ಖನಿಜಗಳನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು, ಇಡೀ ಜಲಾನಯನದಲ್ಲಿ ತೀರ ಸಣ್ಣ ಭಾಗವಾದ ಈ ಮೂಲೆಯಿಂದಲೇ ನದಿಯ ಹೂಳಿನ ಅರ್ಧದಷ್ಟು ಬರುತ್ತದೆಂದು ಅಂದಾಜಿಸಿದ್ದಾರೆ. ಗುವಾಹಟಿಗೆ ಸೇರಿದ ಪಾಂಡುವಿನಲ್ಲಿ ಅಳೆದಂತೆ ವರ್ಷಕ್ಕೆ ಸುಮಾರು 40 ಕೋಟಿ ಟನ್ ಹೂಳು ನೀರಿನ ಜೊತೆ ತೇಲಿ ಹೋಗುತ್ತದೆ.

ಈ ಸರಬರಾಜು ವರ್ಷವರ್ಷವೂ ಒಂದೇ ಸಮನಾಗಿ ಬರುವುದಿಲ್ಲ. 1950ರ ಆಗಸ್ಟ್ 15ರ ಸಂಜೆ ಅಸ್ಸಾಂ-ಟಿಬೆಟ್ ಗಡಿಯಲ್ಲಿ 8.6ರ ತೀವ್ರತೆಯ ಭೂಕಂಪವಾಯಿತು. ಭೂಭಾಗದ ಮೇಲೆ ಉಪಕರಣಗಳು ದಾಖಲಿಸಿದ ಅತಿ ದೊಡ್ಡ ಕಂಪನಗಳ ಸಾಲಿಗೆ ಅದು ಸೇರುತ್ತದೆ. ಬೆಟ್ಟಗಳ ಮೈ ಜಾರಿ ಉಪನದಿಗಳಿಗೆ ಅಡ್ಡ ಬಿತ್ತು. ಸುಬನ್‌ಸಿರಿಯಲ್ಲಿ ಹೀಗೆ ಕಟ್ಟಿಕೊಂಡ ಅಣೆ ಕೆಲವೇ ದಿನಗಳಲ್ಲಿ ಒಡೆದು ಕೆಳಗಿನ ಊರುಗಳನ್ನು ಕೊಚ್ಚಿತು. ಆಮೇಲಿನ ವರ್ಷಗಳಲ್ಲಿ ಆ ಮಣ್ಣು ನಿಧಾನವಾಗಿ ಬಯಲಿಗೆ ಇಳಿಯಿತು. ಡಿಬ್ರೂಗಢದ ಬಳಿ ನದಿಪಾತ್ರ ಸುಮಾರು 3 ಮೀಟರ್ ಮೇಲೆದ್ದಿತು, ಪಟ್ಟಣದ ಒಂದು ಭಾಗ ನೀರುಪಾಲಾಯಿತು, ಹಳೆಯ ಸದಿಯಾ ಪಟ್ಟಣ ಪೂರ್ತಿಯಾಗಿ ಕಾಣೆಯಾಯಿತು. ಅಸ್ಸಾಂ ಸರ್ಕಾರದ ನಕಾಶೆ ಲೆಕ್ಕದ ಪ್ರಕಾರ 1912ರಿಂದ 28ರ ನಡುವೆ ರಾಜ್ಯದಲ್ಲಿ ನದಿ ಆವರಿಸಿದ್ದ ಜಾಗ 3,870 ಚದರ ಕಿಲೋಮೀಟರ್, 1963ರಿಂದ 75ರ ನಡುವೆ 4,850, 2006ರಲ್ಲಿ 6,080. ನೀರು ಹೆಚ್ಚಾಗಿ ನದಿ ಅಗಲವಾಯಿತೆಂದು ಇದನ್ನು ಓದಬಾರದು. ಪಾತ್ರ ತುಂಬಿ ಆಳ ತಗ್ಗಿದಾಗ ಅದೇ ನೀರಿಗೆ ಹೆಚ್ಚು ಅಗಲ ಬೇಕಾಗುತ್ತದೆ. 2000ದ ಏಪ್ರಿಲ್‌ನಲ್ಲಿ ಟಿಬೆಟ್ಟಿನ ಯಿಗೋಂಗ್ ಕಣಿವೆಯಲ್ಲಿ ಗುಡ್ಡ ಜಾರಿ ನಿರ್ಮಾಣವಾದ ಸರೋವರ ಜೂನ್‌ನಲ್ಲಿ ಒಡೆದು ಪಾಸಿಘಾಟ್‌ವರೆಗೂ ಹಾನಿ ಮಾಡಿದ್ದು ಇದೇ ಬಗೆಯ ಇತ್ತೀಚಿನ ಉದಾಹರಣೆ.

ಅರುಣಾಚಲದಲ್ಲಿ ಸಿಯಾಂಗ್ ಎನಿಸಿಕೊಳ್ಳುವ ಈ ನದಿಗೆ ಪಾಸಿಘಾಟ್‌ನಿಂದ ಕೆಳಗೆ ದಿಬಾಂಗ್ ಮತ್ತು ಲೋಹಿತ್ ಕೂಡಿದ ಮೇಲೆಯೇ ಬ್ರಹ್ಮಪುತ್ರ ಎಂಬ ಹೆಸರು. ಅಲ್ಲಿಂದ ಧುಬ್ರಿಯವರೆಗೆ ಸುಮಾರು 640 ಕಿಲೋಮೀಟರ್ ಉದ್ದದ ಅಸ್ಸಾಂ ಕಣಿವೆ ಸರಾಸರಿ 80 ಕಿಲೋಮೀಟರ್ ಅಗಲವಿದೆ. ಎರಡು ಕಡೆಯ ಉಪನದಿಗಳ ಸ್ವಭಾವ ಒಂದೇ ಅಲ್ಲ. ಹಿಮಾಲಯದಿಂದ ಇಳಿದು ಬಲದಂಡೆಗೆ ಸೇರುವ ಸುಬನ್‌ಸಿರಿ, ಜಿಯಾ ಭರಲಿ, ಮಾನಸ್ ಮೊದಲಾದವು ಕಡಿದಾದ, ಗುಂಡುಕಲ್ಲು ಉರುಳಿಸುವ ನದಿಗಳು. ತಾವೇ ಪುಟ್ಟ ಜಡೆಗಳು. ಎಡದಂಡೆಗೆ ಬರುವ ಬುಢಿ ದಿಹಿಂಗ್, ದಿಖೌ, ಕೊಪಿಲಿಗಳು ನಾಗಾ ಬೆಟ್ಟ, ಮೇಘಾಲಯಗಳ ಕಡೆಯಿಂದ ನಿಧಾನವಾಗಿ ಅಂಕುಡೊಂಕಾಗಿ ಬರುತ್ತವೆ. ಬಲಗಡೆಯಿಂದ ಬಂದು ಬೀಳುವ ಹೂಳು ಹೆಚ್ಚಾದ್ದರಿಂದ ಮುಖ್ಯ ನದಿ ಕಣಿವೆಯ ದಕ್ಷಿಣದ ಅಂಚಿಗೆ ಸರಿದುಕೊಂಡೇ ಹರಿಯುತ್ತದೆ.

ನದಿಯ ಅಗಲವನ್ನು ನಿರ್ಧರಿಸುವುದು ಕೆಲವು ಗಟ್ಟಿ ಕಲ್ಲಿನ ಗಂಟುಗಳು. ಮೇಘಾಲಯ ಪ್ರಸ್ಥಭೂಮಿಯ ಹಳೆಯ ಶಿಲೆ ತೇಜಪುರ, ಗುವಾಹಟಿ, ಜೋಗಿಘೋಪಾಗಳಲ್ಲಿ ಅಲ್ಲಲ್ಲಿ ತಲೆ ಎತ್ತಿದೆ. ಮೇಲಿನ ಅಸ್ಸಾಮಿನಲ್ಲಿ 18 ಕಿಲೋಮೀಟರ್‌ವರೆಗೂ ಹರಡುವ ನದಿ ಗುವಾಹಟಿಯ ಪಾಂಡುವಿನಲ್ಲಿ 1.2 ಕಿಲೋಮೀಟರಿಗೆ ಕುಗ್ಗುತ್ತದೆ. ಇದಕ್ಕೆ ಸೇತುವೆಗಳ ಚರಿತ್ರೆಯೇ ಸಾಕ್ಷಿ. ಮೊದಲ ಸೇತುವೆ 1962ರಲ್ಲಿ ಈ ಕಿರಿದಾದ ಸರಾಯ್‌ಘಾಟ್‌ನಲ್ಲೇ ಬಂತು, ಉದ್ದ ಸುಮಾರು 1.3 ಕಿಲೋಮೀಟರ್. ಆಮೇಲಿನವು 1987ರಲ್ಲಿ ತೇಜಪುರದ ಬಳಿ, 1998ರಲ್ಲಿ ಜೋಗಿಘೋಪಾದಲ್ಲಿ, ಅಂದರೆ ಮಿಕ್ಕ ಗಂಟುಗಳ ಹತ್ತಿರವೇ. ಗಂಟಿಲ್ಲದ ಜಾಗದಲ್ಲಿ ನದಿ ದಾಟಲು 2018ರ ಬೋಗಿಬೀಲ್ ಸೇತುವೆಯವರೆಗೆ ಕಾಯಬೇಕಾಯಿತು. ಅದರ ಉದ್ದ 4.94 ಕಿಲೋಮೀಟರ್. ಅಲ್ಲೂ ಮೊದಲು ಎರಡೂ ಕಡೆ ಮಾರ್ಗದರ್ಶಕ ಒಡ್ಡುಗಳನ್ನು ಕಟ್ಟಿ ನದಿಯನ್ನು ಒತ್ತಿಹಿಡಿದ ಮೇಲೆಯೇ ಕಂಬ ನಿಂತದ್ದು. ಉಪನದಿ ಲೋಹಿತ್ ಒಂದರ ಮೇಲೆಯೇ 2017ರಲ್ಲಿ ತೆರೆದ ಢೋಲಾ-ಸದಿಯಾ ಸೇತುವೆ 9.15 ಕಿಲೋಮೀಟರ್ ಇದೆ.

ಹರಿವಿನ ಏರಿಳಿತವೂ ಅಷ್ಟೇ ದೊಡ್ಡದು. ಪಾಂಡುವಿನಲ್ಲಿ 1962ರ ಆಗಸ್ಟ್‌ನಲ್ಲಿ ಸೆಕೆಂಡಿಗೆ 72,000 ಘನಮೀಟರಿಗೂ ಹೆಚ್ಚು ನೀರು ಹರಿದ ದಾಖಲೆಯಿದೆ. 1968ರ ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ 1,800 ಘನಮೀಟರಿಗೂ ಕಡಿಮೆ. ಕನ್ನಂಬಾಡಿಯ ಒಳಹರಿವನ್ನು ಕ್ಯುಸೆಕ್‌ನಲ್ಲಿ ಓದಿ ರೂಢಿಯಿರುವವರಿಗೆ ಹೇಳುವುದಾದರೆ ಮೊದಲನೆಯದು 25 ಲಕ್ಷ ಕ್ಯುಸೆಕ್ ಮೀರಿದ್ದು, ಎರಡನೆಯದು ಸುಮಾರು 62 ಸಾವಿರ. ನೆರೆಯ ಹೊತ್ತಿನಲ್ಲಿ ನೀರಿನಡಿಯ ಮರಳು ಆಳೆತ್ತರ ಮೀರಿದ ಅಲೆಗಳಾಗಿ ಸರಿಯುತ್ತದೆ. 1969ರಲ್ಲಿ ಜೇಮ್ಸ್ ಕೋಲ್ಮನ್ ಪ್ರಕಟಿಸಿದ ಅಧ್ಯಯನ, ಈ ಅಲೆಗಳು ಒಂದೇ ದಿನದಲ್ಲಿ ನೂರಾರು ಮೀಟರ್ ಮುಂದೆ ಹೋಗಬಲ್ಲವೆಂದು ತೋರಿಸಿತು.

ದಂಡೆ ಕುಸಿಯುವ ರೀತಿ ಗಮನಿಸಬೇಕಾದದ್ದು. ದಂಡೆಯ ಮೇಲ್ಭಾಗ ಅಂಟು ರೇವೆಮಣ್ಣು, ಕೆಳಭಾಗ ಸಡಿಲ ಮರಳು. ನೀರು ಏರಿದಾಗ ಮರಳಿನ ಪದರ ನೆನೆದು ತುಂಬಿಕೊಳ್ಳುತ್ತದೆ. ಹೊರಗಿನ ಮಟ್ಟ ಬೇಗ ಇಳಿದಾಗ ಒಳಗೆ ಸಿಕ್ಕಿದ ನೀರು ಮರಳನ್ನೂ ಎಳೆದುಕೊಂಡು ಹೊರಬರುತ್ತದೆ. ಅಡಿಪಾಯ ಹೋದ ಮೇಲುಪದರದಲ್ಲಿ ದಡಕ್ಕೆ ಸಮಾನಾಂತರವಾಗಿ ಬಿರುಕು ಮೂಡಿ, ಗದ್ದೆಯೋ ಬಿದಿರುಮೆಳೆಯೋ ಅಡಿಕೆ ಸಾಲೋ ಇದ್ದಹಾಗೆಯೇ ಹೋಳಾಗಿ ನೀರಿಗೆ ಬೀಳುತ್ತದೆ. ಹಾಗಾಗಿ ನೆರೆ ಏರುವಾಗ ನಿಂತಿದ್ದ ಮನೆ ನೆರೆ ಇಳಿದ ಬಳಿಕ ಹೋಗುವುದುಂಟು. 1950ರಿಂದ ಈಚೆಗೆ ಬ್ರಹ್ಮಪುತ್ರ ಮತ್ತು ಅದರ ಉಪನದಿಗಳಿಗೆ ಅಸ್ಸಾಂ ಕಳೆದುಕೊಂಡ ನೆಲ 4.27 ಲಕ್ಷ ಹೆಕ್ಟೇರ್, ರಾಜ್ಯದ ವಿಸ್ತೀರ್ಣದ ನೂರಕ್ಕೆ ಏಳಕ್ಕಿಂತ ಹೆಚ್ಚು ಎಂದು ರಾಜ್ಯದ ಜಲಸಂಪನ್ಮೂಲ ಇಲಾಖೆ ಹೇಳುತ್ತದೆ. ಹೊಸದಾಗಿ ಏಳುವ ನೆಲ ಇದಕ್ಕೆ ಪೂರ್ತಿ ಪರಿಹಾರವಾಗದು. ಹೋದದ್ದು ನೂರಾರು ವರ್ಷದ ಮೆಕ್ಕಲು ಮಣ್ಣು, ಬಂದದ್ದು ಬರಿಯ ಮರಳು.

ಮಾಜುಲಿಯ ಕಥೆ ಇಲ್ಲಿ ಬರಬೇಕು. ಜೋರ್ಹಾಟದ ಎದುರಿಗಿರುವ ಈ ನದಿದ್ವೀಪ ಮರಳುದಿಣ್ಣೆಯಾಗಿ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಉತ್ತರದಲ್ಲಿ ಬ್ರಹ್ಮಪುತ್ರ, ದಕ್ಷಿಣದಲ್ಲಿ ಬುಢಿ ದಿಹಿಂಗ್ ಸಮಾನಾಂತರವಾಗಿ ಹರಿಯುತ್ತಿದ್ದವು. ಹದಿನೆಂಟನೇ ಶತಮಾನದ ನಡುವಿನ ದೊಡ್ಡ ನೆರೆಗಳಲ್ಲಿ ಬ್ರಹ್ಮಪುತ್ರ ದಕ್ಷಿಣಕ್ಕೆ ನುಗ್ಗಿ ದಿಹಿಂಗ್‌ನ ಪಾತ್ರವನ್ನೇ ಹಿಡಿಯಿತು. ನಡುವಿನ ಹಳೆಯ ಬಯಲು ದ್ವೀಪವಾಗಿ ಉಳಿಯಿತು. ಶಂಕರದೇವರ ವೈಷ್ಣವ ಪರಂಪರೆಯ ಮಠಗಳಾದ ಸತ್ರಗಳು, ಆ ಸತ್ರಗಳ ನೃತ್ಯ, ಮುಖವಾಡಗಳ ಕಲೆ ಇಲ್ಲಿ ಬೇರೂರಲು ನೆಲದ ಈ ಹಳಮೆಯೂ ಒಂದು ಕಾರಣವಿರಬೇಕು, ನಿನ್ನೆ ಎದ್ದ ಮರಳಿನ ಮೇಲೆ ಮಠ ಕಟ್ಟುವವರಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಾಜುಲಿ 1,250 ಚದರ ಕಿಲೋಮೀಟರಿನಷ್ಟಿತ್ತು. 2016ರಲ್ಲಿ ಗಿನ್ನೆಸ್ ದಾಖಲೆ ಅದನ್ನು ಜಗತ್ತಿನ ಅತಿ ದೊಡ್ಡ ನದಿದ್ವೀಪವೆಂದಾಗ ಕೊಟ್ಟ ಅಂಕಿ 880. ಸುತ್ತಲಿನ ದಿಣ್ಣೆಗಳನ್ನು ಬಿಟ್ಟು ಗಟ್ಟಿ ನೆಲವನ್ನಷ್ಟೇ ಎಣಿಸುವವರು ಇನ್ನೂ ಬಹಳ ಕಡಿಮೆ ಹೇಳುತ್ತಾರೆ. ಜಡೆನದಿಯಲ್ಲಿ ದ್ವೀಪದ ವಿಸ್ತೀರ್ಣ ಯಾವ ತಿಂಗಳು ಅಳೆದರು, ಯಾವುದನ್ನು ನೆಲವೆಂದು ಕರೆದರು ಎಂಬುದರ ಮೇಲೆ ನಿಂತಿದೆ. ಹಲವು ಸತ್ರಗಳು ದ್ವೀಪ ಬಿಟ್ಟು ಆಚೆ ದಡಕ್ಕೆ ಹೋಗಿವೆ.

ಅಸ್ಥಿರತೆ ಮನುಷ್ಯರಿಗೆ ಕಷ್ಟವಾದರೂ ಜೀವಜಾಲದ ಮಟ್ಟಿಗೆ ಅದೇ ಮೂಲ ಬಂಡವಾಳ. ಹೊಸದಾಗಿ ಎದ್ದ ದಿಣ್ಣೆಗೆ ಮೊದಲು ಬರುವುದು ಕಾಶದ ಹುಲ್ಲು. ಶರತ್ಕಾಲದಲ್ಲಿ ಅದರ ಬಿಳಿ ತೆನೆಗಳಿಂದ ದಿಣ್ಣೆಗಳು ತುಂಬಿಹೋಗುತ್ತವೆ. ಹುಲ್ಲಿನ ಬುಡ ಪ್ರತಿ ನೆರೆಯಲ್ಲೂ ಒಂದಿಷ್ಟು ರೇವೆ ಹಿಡಿದು ದಿಣ್ಣೆಯನ್ನು ಎತ್ತರಿಸುತ್ತದೆ. ಆಮೇಲೆ ಆನೆಯನ್ನೂ ಮರೆಮಾಡುವ ಎತ್ತರದ ಹುಲ್ಲು ಮತ್ತು ಜೊಂಡು, ಅವುಗಳ ನಡುವೆ ಬೂರುಗದ ಸಸಿಗಳು. ಉತ್ತರದ ಕಲ್ಲುಮರಳಿನ ಪಾತ್ರಗಳಲ್ಲಾದರೆ ಕಾಚಿನ ಮರ, ಸಿಸ್ಸೂ. ಬಿಟ್ಟರೆ ಕಾಡಾಗುತ್ತದೆ. ಆದರೆ ನದಿ ಬಿಡುವುದಿಲ್ಲ. ಇಲ್ಲೊಂದು ಕಾಡನ್ನು ಕೊಚ್ಚಿ ಅಲ್ಲೊಂದು ಬರಿ ದಿಣ್ಣೆಯನ್ನು ಎಬ್ಬಿಸುತ್ತದೆ. ಹೀಗಾಗಿ ಮರಳು, ಹುಲ್ಲು, ಪೊದೆ, ಕಾಡು, ಕೆರೆ ಎಲ್ಲವೂ ಕೆಲವೇ ಕಿಲೋಮೀಟರುಗಳ ಒಳಗೆ ಏಕಕಾಲಕ್ಕೆ ಸಿಗುತ್ತವೆ.

ಕಾಜಿರಂಗ ಈ ವ್ಯವಸ್ಥೆಯ ಕೂಸು. 1908ರಲ್ಲಿ ಮೀಸಲು ಅರಣ್ಯವಾದ, 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಬಯಲಿನಲ್ಲಿ 2022ರ ಗಣತಿಯಂತೆ 2,613 ಒಂಟಿಕೊಂಬಿನ ಘೇಂಡಾಮೃಗಗಳಿವೆ, ಇಡೀ ಜಗತ್ತಿನಲ್ಲಿರುವವುಗಳ ಬಹುಪಾಲು. ಘೇಂಡಾಮೃಗಕ್ಕೆ ಬೇಕಾದದ್ದು ಎಳೆಹುಲ್ಲು ಮತ್ತು ಹೊರಳಾಡಲು ಕೆಸರು. ಎರಡನ್ನೂ ಕೊಡುವುದು ನೆರೆ. ನದಿ ಬಿಟ್ಟುಹೋದ ಹಳೆಯ ಕವಲುಗಳೇ ಅಲ್ಲಿನ ಬೀಲ್‌ಗಳು, ಅಂದರೆ ಕೆರೆಗಳು. ವರ್ಷಕ್ಕೊಮ್ಮೆ ನದಿಯ ನೀರು ಹೊಕ್ಕು ಅವುಗಳಲ್ಲಿ ಬೆಳೆದ ಅಂತರಗಂಗೆಯನ್ನು ಹೊರದೂಡದಿದ್ದರೆ ಅವು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಗುತ್ತವೆ. ನೆರೆಯ ದಿನಗಳಲ್ಲಿ ಪ್ರಾಣಿಗಳು ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳಿಗೆ ಏರುತ್ತವೆ. ಟಿವಿಯಲ್ಲಿ ಬರುವ ಮುಳುಗಿದ ಕಾಜಿರಂಗದ ಚಿತ್ರಗಳು ನೆರೆಯನ್ನೇ ಶತ್ರುವಾಗಿ ತೋರಿಸುತ್ತವೆ. ಪ್ರಾಣಿಗಳಿಗೆ ನಿಜವಾದ ತೊಡಕು ಎತ್ತರದ ಜಾಗಕ್ಕೆ ಹೋಗುವ ಆ ದಾರಿಯಲ್ಲಿ ವಾಹನಗಳೂ ಕಟ್ಟಡಗಳೂ ತುಂಬಿರುವುದು.

ನೀರಿನೊಳಗಿನ ಬದುಕೂ ಕವಲುಗಳ ವೈವಿಧ್ಯವನ್ನೇ ನಂಬಿದೆ. ಎರಡು ಕವಲುಗಳು ಕೂಡುವಲ್ಲಿ ಸುಳಿ ಕೊರೆದ ಆಳವಾದ ಮಡುಗಳಿರುತ್ತವೆ. ಗಂಗಾ ಡಾಲ್ಫಿನ್ ಚಳಿಗಾಲವನ್ನು ಕಳೆಯುವುದು ಇಂಥ ಮಡುಗಳಲ್ಲಿ. ಅಸ್ಸಾಮಿನ ಜನ ಅದನ್ನು ಕ್ಸಿಹು ಎನ್ನುತ್ತಾರೆ. 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಘೋಷಿತವಾದ ಈ ಪ್ರಾಣಿಗೆ ಕಣ್ಣು ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. ಹೂಳು ತುಂಬಿದ ನೀರಿನಲ್ಲಿ ಶಬ್ದ ಹೊರಡಿಸಿ ಅದರ ಪ್ರತಿಧ್ವನಿಯಿಂದ ಮೀನು ಹಿಡಿಯುತ್ತದೆ. ಮೀನುಗಳಿಗಾದರೆ ಮಳೆಗಾಲದಲ್ಲಿ ನದಿಯಿಂದ ಬೀಲ್‌ಗೆ ಹೋಗಿ ಮರಿಮಾಡುವ ದಾರಿ ತೆರೆದಿರಬೇಕು. ಏರಿ ಕಟ್ಟಿ ಆ ದಾರಿ ಮುಚ್ಚಿದ ಕಡೆ ಬೀಲ್‌ನ ಮೀನು ಕಡಿಮೆಯಾಗುತ್ತದೆ.

ಬರಿಯ ಮರಳಿಗೆ ಬೆಲೆಯಿಲ್ಲವೆಂದು ತಿಳಿಯುವುದು ಸುಲಭ. ಆದರೆ ರಿವರ್ ಟರ್ನ್, ಪ್ರಾಟಿನ್‌ಕೋಲ್, ಹೊಳೆ ಟಿಟ್ಟಿಭಗಳಂಥ ಹಕ್ಕಿಗಳು ಮೊಟ್ಟೆಯಿಡುವುದು ಹುಲ್ಲೂ ಬೆಳೆಯದ ದಿಣ್ಣೆಯ ಮೇಲೆಯೇ. ಸುತ್ತ ನೀರಿದ್ದರೆ ನರಿ, ನಾಯಿ ಬರುವುದಿಲ್ಲ, ಗಿಡವಿಲ್ಲದಿದ್ದರೆ ಶತ್ರು ದೂರದಿಂದಲೇ ಕಾಣುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ನೆರೆಯುವ ರಿವರ್ ಟರ್ನ್‌ಗಳೂ ಇದೇ ಭದ್ರತೆಯನ್ನು ಹುಡುಕಿ ಬಂದವು. ಚಳಿಗಾಲದಲ್ಲಿ ಟಿಬೆಟ್ಟಿನಿಂದ ಪಟ್ಟೆತಲೆಯ ಹೆಬ್ಬಾತುಗಳು ಇಳಿಯುತ್ತವೆ. ಜಿಯಾ ಭರಲಿಯ ಗುಂಡುಕಲ್ಲಿನ ದಿಣ್ಣೆಗಳಲ್ಲಿ, ಕಲ್ಲಿನ ಬಣ್ಣದಲ್ಲೇ ಬೆರೆತುಹೋಗುವ ಐಬಿಸ್‌ಬಿಲ್ ಕಾಣಸಿಗುತ್ತದೆ. ಎತ್ತರದ ಹುಲ್ಲಿನಲ್ಲಿ ಅಳಿವಿನ ಅಂಚಿನಲ್ಲಿರುವ ಬೆಂಗಾಲ್ ಫ್ಲೋರಿಕನ್ ಇದೆ. ಮಾನಸ್‌ನಲ್ಲಿ ಜಗತ್ತಿನ ಅತಿ ಸಣ್ಣ ಹಂದಿಯಾದ ಪಿಗ್ಮಿ ಹಾಗ್ ಇದೆ.

ದಿಣ್ಣೆಗಳ ಮೇಲೆ ಮನುಷ್ಯರೂ ಇದ್ದಾರೆ. ಮೇಲಿನ ಅಸ್ಸಾಮಿನಲ್ಲಿ ಚಾಪೊರಿ, ಕೆಳಗಿನ ಅಸ್ಸಾಮಿನಲ್ಲಿ ಚರ್ ಎನಿಸುವ ಈ ನೆಲಗಳಲ್ಲಿ 2003ರ ಸುಮಾರಿನ ಸರ್ಕಾರಿ ಸಮೀಕ್ಷೆಯ ಹೊತ್ತಿಗೆ 2,251 ಹಳ್ಳಿಗಳಿದ್ದವು, ಜನಸಂಖ್ಯೆ 24.9 ಲಕ್ಷ. ಮೇಲಿನ ಭಾಗದ ಮಿಸಿಂಗ್ ಜನ ಬಿದಿರಿನ ಕಂಬಗಳ ಮೇಲೆ ಚಾಂಗ್ ಘರ್ ಕಟ್ಟುತ್ತಾರೆ. ನೆರೆ ನೀರು ಮನೆಯ ಕೆಳಗೆ ಹರಿದುಹೋಗುತ್ತದೆ, ದಿಣ್ಣೆ ಕೊಚ್ಚಿಹೋಗುವಂತಾದರೆ ಮನೆಯನ್ನು ಬಿಚ್ಚಿ ಸಾಗಿಸಬಹುದು. ನೀರಿಳಿದ ಕೂಡಲೇ ರೇವೆ ಕೂತ ಜಾಗದಲ್ಲಿ ಸಾಸಿವೆ, ಉದ್ದು, ತರಕಾರಿ ಬಿತ್ತುತ್ತಾರೆ. ಕಷ್ಟವಿರುವುದು ಕಂದಾಯ ದಾಖಲೆಯಲ್ಲಿ. ಸರ್ವೆ ನಂಬರಿನ ನೆಲ ನೀರಿಗೆ ಹೋಗಿ, ಐದು ಕಿಲೋಮೀಟರ್ ಆಚೆ ಹೊಸ ನೆಲ ಎದ್ದರೆ ಅದು ಯಾರದು ಎಂಬುದಕ್ಕೆ ಕಾನೂನಿನಲ್ಲಿ ಸುಲಭವಾದ ಉತ್ತರವಿಲ್ಲ. ಕೆಳಗಿನ ಅಸ್ಸಾಮಿನ ಚರ್‌ಗಳಲ್ಲಿ ಪೂರ್ವಬಂಗಾಳ ಮೂಲದ ಮುಸ್ಲಿಂ ರೈತರೇ ಹೆಚ್ಚು. ಊರು ಬದಲಾದಂತೆಲ್ಲ ವಿಳಾಸ ಬದಲಾಗುವ ಈ ಜನರಿಗೆ ಪೌರತ್ವದ ದಾಖಲೆ ತೋರಿಸುವುದು ಉಳಿದವರಿಗಿಂತ ಕಷ್ಟವಾಗಿದೆ.

ನದಿಯ ಸ್ವಭಾವಕ್ಕೆ ಒಪ್ಪಿ ನಡೆಯುವ ಒಂದು ತಂತ್ರವೂ ಇಲ್ಲಿದೆ. ಸದಿಯಾದಿಂದ ಧುಬ್ರಿಯವರೆಗಿನ 891 ಕಿಲೋಮೀಟರ್ 1988ರಿಂದ ರಾಷ್ಟ್ರೀಯ ಜಲಮಾರ್ಗ. ಚಳಿಗಾಲದಲ್ಲಿ ಹಡಗಿಗೆ ಬೇಕಾದ ಆಳ ಉಳಿಸಲು ಬಿದಿರಿನ ಗೂಟ ನೆಟ್ಟು, ಬಿದಿರಿನ ತಟ್ಟಿಗಳನ್ನು ನೀರಿನ ಮೇಲುಪದರಕ್ಕೆ ಓರೆಯಾಗಿ ಕಟ್ಟುತ್ತಾರೆ. ಇದಕ್ಕೆ ಬಾಂಡಲ್ ಎಂದು ಹೆಸರು. ತಟ್ಟಿ ಮೇಲಿನ ನೀರನ್ನು ಒಂದು ಕವಲಿನ ಕಡೆ ತಿರುಗಿಸುತ್ತದೆ; ತಳದಲ್ಲಿ ಹರಿಯುವ ಮರಳುಭರಿತ ನೀರು ತಟ್ಟಿಯಡಿ ನುಸುಳಿ ಹಿಂದೆ ಮರಳನ್ನು ಬಿಡುತ್ತದೆ. ಹೀಗೆ ಒಂದು ಕವಲು ಆಳವಾಗುತ್ತದೆ, ಪಕ್ಕದ್ದು ತುಂಬುತ್ತದೆ. ನೆರೆಯಲ್ಲಿ ಇದೆಲ್ಲ ಕೊಚ್ಚಿಹೋಗುತ್ತದೆ, ಮುಂದಿನ ವರ್ಷ ಹೊಸ ಜಾಗದಲ್ಲಿ ಮತ್ತೆ ಕಟ್ಟುತ್ತಾರೆ.

ಬಾಂಗ್ಲಾದೇಶದೊಳಗೆ ನದಿ ಜಮುನಾ ಎನಿಸಿಕೊಳ್ಳುತ್ತದೆ. ಜೇಮ್ಸ್ ರೆನೆಲ್ ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ ಬಂಗಾಳದ ನಕಾಶೆ ತಯಾರಿಸಿದಾಗ ಬ್ರಹ್ಮಪುತ್ರ ಮಧುಪುರ ದಿಬ್ಬದ ಪೂರ್ವಕ್ಕೆ, ಮೈಮನ್‌ಸಿಂಗ್ ಮುಂದೆ ಹರಿಯುತ್ತಿತ್ತು. 1787ರ ನೆರೆಯಲ್ಲಿ, ಅಲ್ಲಿಯವರೆಗೆ ಗಂಗೆಯ ಕಡೆ ಹೋಗುತ್ತಿದ್ದ ತೀಸ್ತಾ ಬ್ರಹ್ಮಪುತ್ರಕ್ಕೆ ತಿರುಗಿತು. ಮುಂದಿನ ಕೆಲವು ದಶಕಗಳಲ್ಲಿ, 1830ರ ಹೊತ್ತಿಗೆ, ಮುಖ್ಯ ಹರಿವು ದಿಬ್ಬದ ಪಶ್ಚಿಮಕ್ಕೆ ಸರಿದು ಇಂದಿನ ಜಮುನಾ ಆಯಿತು. ಮೈಮನ್‌ಸಿಂಗ್‌ನ ಹಳೆಯ ಪಾತ್ರಕ್ಕೆ ಇಂದಿಗೂ ಹಳೇ ಬ್ರಹ್ಮಪುತ್ರ ಎಂಬ ಹೆಸರಿದೆ. ಕವಲು ಬದಲಿಸುವ ಅಭ್ಯಾಸವನ್ನು ಜಡೆನದಿ ಕೆಲವೊಮ್ಮೆ ಇಷ್ಟು ದೊಡ್ಡ ಪ್ರಮಾಣದಲ್ಲೂ ತೋರಿಸುತ್ತದೆ. ಗಂಗೆಯ ಜೊತೆ ಕೂಡಿ ಅದು ಸಾಗಿಸಿದ ಹೂಳು ಬಂಗಾಳದ ಮುಖಜಭೂಮಿಯನ್ನು ಕಟ್ಟಿದೆ. ಮಿಕ್ಕದ್ದು ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿಲೋಮೀಟರ್ ಉದ್ದಕ್ಕೆ, ಶ್ರೀಲಂಕಾದ ದಕ್ಷಿಣದವರೆಗೂ ಹರಡಿದೆ.

ನದಿಯನ್ನು ಹಿಡಿತಕ್ಕೆ ತರುವ ಪ್ರಯತ್ನ 1954ರ ಬಳಿಕ ಏರಿಗಳಿಂದ ಶುರುವಾಯಿತು. ಅಸ್ಸಾಮಿನಲ್ಲಿ ಇಂದು 4,000 ಕಿಲೋಮೀಟರಿಗೂ ಹೆಚ್ಚು ಏರಿಗಳಿವೆ. ಬಹಳಷ್ಟು ಹಳೆಯವು, ಪ್ರತಿ ಮಳೆಗಾಲವೂ ಎಲ್ಲಾದರೂ ಒಡೆಯುತ್ತವೆ. ಅವುಗಳಿಂದ ನಗರಗಳಿಗೆ, ಚಹಾ ತೋಟಗಳಿಗೆ ರಕ್ಷಣೆ ಸಿಕ್ಕಿದ್ದು ನಿಜ. ಏರಿಯಿಲ್ಲದೆ ಡಿಬ್ರೂಗಢ ಉಳಿಯುತ್ತಿರಲಿಲ್ಲ. ಆದರೆ ಏರಿ ನೀರನ್ನಷ್ಟೇ ತಡೆಯುವುದಿಲ್ಲ, ಬಯಲಿಗೆ ಹೋಗಬೇಕಾದ ರೇವೆಯನ್ನು ಪಾತ್ರದೊಳಗೇ ನಿಲ್ಲಿಸುತ್ತದೆ. ಪಾತ್ರ ಮೇಲೇರುತ್ತದೆ, ಹೊರಗಿನ ಹೊಲ ಅಲ್ಲೇ ಉಳಿಯುತ್ತದೆ. ಒಡೆದ ದಿನ ನೀರು ಹಿಂದಿಗಿಂತ ಹೆಚ್ಚು ಬಿರುಸಾಗಿ ನುಗ್ಗುತ್ತದೆ. ದಂಡೆ ಉಳಿಸಲು ಮರಳು ತುಂಬಿದ ಜಿಯೋ ಚೀಲಗಳನ್ನೂ ಕಾಂಕ್ರೀಟಿನ ಮುಳ್ಳುಹಂದಿಗಳೆನಿಸುವ ಚೌಕಟ್ಟುಗಳನ್ನೂ ಇಳಿಬಿಡುತ್ತಾರೆ. ಇವು ಒಂದು ಜಾಗವನ್ನು ಕಾಯುತ್ತವೆ, ಕೊರೆತ ಕೆಳಗಿನ ಅಥವಾ ಎದುರಿನ ದಡಕ್ಕೆ ಹೋಗುತ್ತದೆ. ಹೂಳೆತ್ತಿ ನದಿಯನ್ನು ಆಳ ಮಾಡುವ ಮಾತು ಚುನಾವಣೆಯ ಹೊತ್ತಿಗೆ ಆಗಾಗ ಕೇಳಿಬರುತ್ತದೆ. ವರ್ಷಕ್ಕೆ 40 ಕೋಟಿ ಟನ್ ಬರುವಲ್ಲಿ ಎತ್ತಿದ ಮರಳಿನ ಜಾಗ ಖಾಲಿ ಉಳಿಯುವುದು ಒಂದು ಮಳೆಗಾಲದವರೆಗೆ ಮಾತ್ರ.

ಜಡೆಯನ್ನು ಬಿಚ್ಚಿ ಒಂದೇ ಎಳೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ದೇಶಗಳಲ್ಲಿ ಉದಾಹರಣೆಗಳಿವೆ. ಅಮೆರಿಕದ ಪ್ಲ್ಯಾಟ್ ನದಿಗೆ ಮೇಲ್ಭಾಗದಲ್ಲಿ ಅಣೆಕಟ್ಟು, ಕಾಲುವೆಗಳಾದ ಮೇಲೆ ನೆರೆ ನಿಂತಿತು, ದಿಣ್ಣೆಗಳ ಮೇಲೆ ಮರ ಬೆಳೆದವು, ಪಾತ್ರ ಕಿರಿದಾಯಿತು. ವಸಂತದಲ್ಲಿ ಅಲ್ಲಿ ತಂಗುವ ಲಕ್ಷಾಂತರ ಸ್ಯಾಂಡ್‌ಹಿಲ್ ಕೊಕ್ಕರೆಗಳಿಗಾಗಿ ಈಗ ಯಂತ್ರ ಬಳಸಿ ಮರ ಕಿತ್ತು, ನದಿ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಹಣ ಕೊಟ್ಟು ಮಾಡಿಸುತ್ತಿದ್ದಾರೆ. ಆಲ್ಪ್ಸ್‌ನಲ್ಲಿ ದೊಡ್ಡ ಜಡೆನದಿಗಳು ಬಹುತೇಕ ಕಾಲುವೆಗಳಾಗಿ, ಸುಮಾರಿಗೆ ಮೂಲರೂಪದಲ್ಲಿ ಉಳಿದದ್ದು ಇಟಲಿಯ ತಾಲ್ಯಮೆಂತೊ ಒಂದೇ. ನಾಶವಾದ ನದಿಗಳು ಹೇಗಿದ್ದವೆಂದು ತಿಳಿಯಲು ವಿಜ್ಞಾನಿಗಳು ಅಲ್ಲಿಗೆ ಹೋಗುತ್ತಾರೆ. ನ್ಯೂಜಿಲೆಂಡಿನಲ್ಲಿ ಅಂದಕ್ಕೆಂದು ತಂದ ಲುಪಿನ್ ಗಿಡಗಳು ದಿಣ್ಣೆಗಳನ್ನು ಮುಚ್ಚಿ, ಕೊಕ್ಕು ಬಲಕ್ಕೆ ಬಾಗಿದ ಜಗತ್ತಿನ ಏಕೈಕ ಹಕ್ಕಿ ರೈಬಿಲ್‌ನ ಗೂಡಿನ ಜಾಗವನ್ನು ಕಿತ್ತುಕೊಂಡಿವೆ.

ಬ್ರಹ್ಮಪುತ್ರದಲ್ಲಿ ಈ ಪ್ರಶ್ನೆ ಈಗ ಅಣೆಕಟ್ಟುಗಳ ರೂಪದಲ್ಲಿ ಬಂದಿದೆ. ಅರುಣಾಚಲ-ಅಸ್ಸಾಂ ಗಡಿಯ 2,000 ಮೆಗಾವಾಟ್‌ನ ಕೆಳ ಸುಬನ್‌ಸಿರಿ ಯೋಜನೆ ಕೆಳಭಾಗದ ಜನರ ವಿರೋಧದಿಂದ 2011ರ ಕೊನೆಯಲ್ಲಿ ನಿಂತು 2019ರಲ್ಲಿ ಮತ್ತೆ ಶುರುವಾಯಿತು. ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರು ಬಿಟ್ಟರೆ, ಚಳಿಗಾಲದಲ್ಲಿ ಒಣಗಿರುತ್ತವೆಂಬ ನಂಬಿಕೆಯಿಂದ ಬಿತ್ತಿದ ದಿಣ್ಣೆಗಳು ದಿನದ ಕೆಲವು ಗಂಟೆ ಮುಳುಗಬಹುದೆಂಬುದು ಆ ವಿರೋಧದ ಒಂದು ಮುಖ್ಯ ಕಾರಣ. ಟಿಬೆಟ್ಟಿನಲ್ಲಿ 510 ಮೆಗಾವಾಟ್‌ನ ಜಾಂಗ್ಮು 2015ರಲ್ಲಿ ಪೂರ್ತಿಯಾಯಿತು. 2025ರ ಜುಲೈಯಲ್ಲಿ ಚೀನಾ ಮಹಾತಿರುವಿನ ಜಾಗದಲ್ಲಿ, ಮೆಡೋಗ್ ಪ್ರಾಂತದಲ್ಲಿ, ಜಗತ್ತಿನಲ್ಲೇ ಅತಿ ದೊಡ್ಡದಾಗಲಿರುವ ಜಲವಿದ್ಯುತ್ ಯೋಜನೆಗೆ ಕೆಲಸ ಆರಂಭಿಸಿತು. ಭಾರತದಲ್ಲಿ ಚರ್ಚೆ ನಡೆದದ್ದು ಬಹುಪಾಲು ನೀರಿನ ಬಗ್ಗೆ: ಚೀನಾ ನೀರು ತಿರುಗಿಸುತ್ತದೆಯೇ, ಒಮ್ಮೆಗೇ ಬಿಡುತ್ತದೆಯೇ ಎಂದು. ನೀರಿನ ಲೆಕ್ಕ ನೋಡಿದರೆ ಟಿಬೆಟ್ಟಿನ ಪಾಲು ಅಷ್ಟು ದೊಡ್ಡದಲ್ಲ. ಬ್ರಹ್ಮಪುತ್ರದ ಹರಿವಿನ ಹೆಚ್ಚಿನ ಭಾಗ ಹಿಮಾಲಯದ ದಕ್ಷಿಣದ ಮಳೆಯಿಂದ ಬರುತ್ತದೆ. ಹೂಳಿನ ಲೆಕ್ಕ ಹಾಗಿಲ್ಲ, ಅರ್ಧದಷ್ಟು ಬರುವುದು ಯೋಜನೆ ಏಳುತ್ತಿರುವ ಆ ಮೂಲೆಯಿಂದಲೇ. ಹೂಳು ಅಣೆಕಟ್ಟಿನ ಹಿಂದೆ ನಿಂತರೆ ಕೆಳಗೆ ಹಸಿದ ನೀರು ಪಾತ್ರವನ್ನು ಕೊರೆಯುತ್ತದೆ, ದಿಣ್ಣೆಗಳು ಹೊಸದಾಗಿ ಏಳುವುದು ಕಡಿಮೆಯಾಗುತ್ತದೆ, ಸಮುದ್ರಮಟ್ಟ ಏರುತ್ತಿರುವ ಬಂಗಾಳದ ಮುಖಜಭೂಮಿಗೆ ಮಣ್ಣು ಸಾಲದೆ ಹೋಗುತ್ತದೆ. 2002ರಲ್ಲಿ ಮೊದಲು ಸಹಿಯಾಗಿ ಆಮೇಲೆ ನವೀಕರಣಗೊಂಡು 2023ರಲ್ಲಿ ಅವಧಿ ಮುಗಿದ ಒಪ್ಪಂದದಡಿ ಚೀನಾ ಮಳೆಗಾಲದಲ್ಲಿ ಟಿಬೆಟ್ಟಿನ ಮೂರು ಕೇಂದ್ರಗಳಿಂದ ಭಾರತಕ್ಕೆ ನೀರಿನ ಮಟ್ಟ, ಹರಿವು, ಮಳೆಯ ಅಂಕಿಗಳನ್ನು ಕಳಿಸುತ್ತಿತ್ತು. ಹೂಳಿನ ಅಳತೆ ಆ ಪಟ್ಟಿಯಲ್ಲಿರಲಿಲ್ಲ.